ಕಲ್ಲೇಶಪ್ಪನವರ ಬೆಳ್ಳಕ್ಕಿ ಬೇಟೆ

"ದಾವಣಗೆರೆ ಫೋಟೋ ಪ್ರದರ್ಶನದಾಗೆ ಈ ಸಲ ಫಸ್ಟ್ ಪ್ರೈಜ್ ನಂದೇ! ಬರ್ಲಿಲ್ಲ ಅಂದ್ರೆ ಇನ್ನು ಈ ಕ್ಯಾಮ್ರಾ ಮುಟ್ಟಾಕಿಲ್ಲ!" ಎಂದು ಚನ್ನಗಿರಿ ತಾಲ್ಲೂಕು ಕಚೇರಿಯ ಗುಮಾಸ್ತ ಕಲ್ಲೇಶಪ್ಪನವರು ಉಪ್ಪಿಟ್ಟಿನ ತಟ್ಟೆಯೇ ಸಾಕ್ಷಿಯಾಗಿ ಭೀಷಣ ಪ್ರತಿಜ್ಞೆ ಮಾಡಿದರು. ಅದು ೧೯೮೪ರ ಮಳೆಗಾಲ.

"ಕ್ಯಾಮ್ರಾಕ್ಕೆ ಬೀರೂನಾಗೆ ಜಾಗ ಮಾಡಿ ಇಟ್ಟಿರ್ತೀನಿ ಬಿಡ್ರಿ," ಎಂದರು ಹೆಂಡತಿ ಉಚ್ಚಂಗೆಮ್ಮ.

ಎರಡು ದಿನದ ಫೋಟೋ ಶಿಬಿರಕ್ಕೆ ಹೋಗಿ ಬಂದಾಗಿನಿಂದ ಕಲ್ಲೇಶಪ್ಪನವರ ಕಾಲು ನೆಲದ ಮೇಲಿರಲಿಲ್ಲ. ಅಲ್ಲಿ ಕಲಿತ ವಿದ್ಯೆಯ ಹೆಸರು 'ಹೈ ಕೀ'. "ಬಿಳೀ ಆಕಾಶ, ಅದ್ರ ಮುಂದೆ ಹಾರೋ ಬಿಳೀ ಹಕ್ಕಿ. ಕೊಕ್ಕು, ಕಣ್ಣು, ಕಾಲು ಅಷ್ಟೇ ಕಾಣ್ಬೇಕು. ಉಳಿದದ್ದೆಲ್ಲಾ ಬೆಳಕು!"

"ಏನೂ ಕಾಣದಂಗೆ ತೆಗೆಯಾಕೆ ಊರೂರು ಯಾಕೆ ಅಲೀಬೇಕ್ರಿ? ಮುಚ್ಚಳ ಹಾಕ್ಕೊಂಡು ಇಲ್ಲೇ ತೆಗೀರಿ."

ಕಲೆಯ ಗಂಧವಿಲ್ಲದವರ ಜೊತೆ ವಾದವೇಕೆ! ಭಾನುವಾರ ಬೆಳಗ್ಗೆ ಹೆಂಡತಿಯನ್ನೂ ಹೊರಡಿಸಿಕೊಂಡು ಕತ್ತಲಗೆರೆಯ ಮಾವನ ಗದ್ದೆಗೆ ದಯಮಾಡಿಸಿದರು. ಮಾವ ದೊಡ್ಡಣ್ಣ ಕೆಸರಿನಲ್ಲಿ ನೇಗಿಲು ಹೊಡೆಯುತ್ತಿದ್ದರು. ಮಗುಚಿದ ಮಣ್ಣಿನ ಹುಳಕ್ಕಾಗಿ ಹಿಂದೆ ಮೂವತ್ತು ಬೆಳ್ಳಕ್ಕಿ! ಆದರೆ ಕ್ಯಾಮರಾದ ಕಿಂಡಿಯಲ್ಲಿ ಕಂಡದ್ದು ಬರೀ ಎತ್ತು. ಅದೂ ಕಪ್ಪೆತ್ತು.

"ಮಾವಾರೇ, ಎತ್ತು ಆಚೆ ಹೊಡೀರಿ, ಬಿಳುಪೆಲ್ಲಾ ಹಾಳಾಗ್ತೈತೆ!"

ದೊಡ್ಡಣ್ಣ ಎತ್ತು ಹೊಡೆದುಕೊಂಡು ಹೋದರು. ಬೆಳ್ಳಕ್ಕಿಗಳೂ ಅವರ ಹಿಂದೆಯೇ ಹೋದವು.

"ಅಳಿಯಂದ್ರೇ, ಅವು ಬರೋದು ನೇಗಿಲ ಸಲುವಾಗಿ. ನಿಮ್ಮ ಸಲುವಾಗಿ ಅಲ್ಲ."

ಕಲ್ಲೇಶಪ್ಪನವರ ಮೆದುಳಿನಲ್ಲಿ ಮಿಂಚು ಹೊಡೆಯಿತು. ಮಾವನ ಮನೆಯ ಪೆಟ್ಟಿಗೆಯಲ್ಲಿದ್ದ, ಮಡಿಕೆಯೂ ಬಿಚ್ಚದ ಎರಡು ಬಿಳಿ ಹಾಸುಗಳು ಎತ್ತುಗಳ ಬೆನ್ನೇರಿದವು. "ನಮ್ಮವ್ವ ನಂಟರಿಗೆ ಅಂತ ಇಟ್ಟಿದ್ದು ಕಣ್ರೀ!" ಎಂದು ಉಚ್ಚಂಗೆಮ್ಮ ಬದುವಿನಿಂದ ಕೂಗಿಕೊಂಡರು. ಯಾರು ಕೇಳಬೇಕು? ಅಷ್ಟರಲ್ಲಿ ಗಾಳಿ ಬೀಸಿ ಹಾಸು ಎತ್ತಿನ ಕಣ್ಣನ್ನೇ ಮುಚ್ಚಿತು. ಜೋಡಿ ಬೆದರಿ, ದೊಡ್ಡಣ್ಣನನ್ನೂ ನೇಗಿಲನ್ನೂ ದರದರ ಎಳೆದುಕೊಂಡು ಹೊರಟಿತು. ಬೆಳ್ಳಕ್ಕಿಗಳು ಒಟ್ಟಿಗೇ ಮೇಲೆದ್ದವು. ಮಾವ "ಅಯ್ಯಯ್ಯೋ" ಎನ್ನುತ್ತಿರಲು ಅಳಿಯ ಟಕ ಟಕ ಎಂದು ಹನ್ನೊಂದು ಚಿತ್ರ ತೆಗೆದು, ಹನ್ನೆರಡನೆಯದಕ್ಕೆ ಕೆಸರಿನಲ್ಲಿ ಅಂಗಾತ ಬಿದ್ದರು. ಸೊಂಟ ಉಳುಕಿತು. ಎತ್ತಿಹಿಡಿದ ಕ್ಯಾಮರಾಕ್ಕೆ ಮಾತ್ರ ಒಂದು ಹನಿ ಕೆಸರು ತಾಗಲಿಲ್ಲ!

ಹಾಸಿಗೆ ಹಿಡಿದ ಕಲಾವಿದರು ರೀಲನ್ನು ಸ್ಟುಡಿಯೋ ಮಹೇಶ್ವರಪ್ಪನವರಿಗೆ ಕಳಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿ ನೇರ ದಾವಣಗೆರೆಗೆ ತಲುಪಿಸಲು ಹೇಳಿದರು. ಶೀರ್ಷಿಕೆ 'ಶುಭ್ರ ಯಾನ'. ಮಹೇಶ್ವರಪ್ಪ ಸಾಮಾನ್ಯರಲ್ಲ. ಟಚ್-ಅಪ್ ಕುಂಚದಿಂದ ತಾಲ್ಲೂಕಿನ ಎಷ್ಟೋ ಬೋಳುತಲೆಗಳಿಗೆ ಕೂದಲು ಬರಿಸಿದ ಪುಣ್ಯಾತ್ಮರು.

ಪ್ರದರ್ಶನದ ದಿನ ಹೆಂಡತಿಯ ಜೊತೆ ಕುಂಟುತ್ತಾ ಹೋದರೆ, ಮೊದಲ ಬಹುಮಾನ: ಕಲ್ಲೇಶಪ್ಪ, ಚನ್ನಗಿರಿ! ಎದೆಯುಬ್ಬಿಸಿ ಚಿತ್ರದ ಮುಂದೆ ನಿಂತರು. ಬಿಳಿ ಆಕಾಶದಲ್ಲಿ ಐದು ಹಕ್ಕಿ ಹಾರುತ್ತಿದ್ದವು. ಐದೂ ಕಾಗೆ.

"ಏನ್ರೀ ಇದು?" ಎಂದು ಪಕ್ಕದಲ್ಲೇ ನಗುತ್ತಿದ್ದ ಮಹೇಶ್ವರಪ್ಪನವರನ್ನು ಹಿಡಿದುಕೊಂಡರು.

"ಸಾರ್, ಪ್ರಿಂಟ್ ಹಾಕಿದ್ರೆ ಖಾಲಿ ಕಾಗದ ಇದ್ದಂಗೆ ಐತೆ! ಬೆಳಕು ಹೆಚ್ಚಾಗಿ ಕೆಟ್ಟೈತೆ, ನಿಮ್ಮ ಮಾನ ಹೋಗ್ತೈತೆ ಅಂತ ಎರಡು ದಿನ ಕೂತು ಒಂದೊಂದೇ ಗರಿಗೆ ಕಪ್ಪು ತುಂಬ್ಸೀನಿ."

ಅಷ್ಟರಲ್ಲಿ ತೀರ್ಪುಗಾರರು ಮೈಕ್ ಹಿಡಿದಿದ್ದರು. "ಎಂಥ ಗಾಢವಾದ ಕಪ್ಪು! ಅದಕ್ಕೆ 'ಶುಭ್ರ ಯಾನ' ಎಂಬ ಹೆಸರು! ಸಮಾಜದ ಮುಖವಾಡಕ್ಕೆ ಎಂಥ ಚಾಟಿಯೇಟು!"

"ಸಾರ್, ಅವು ಬೆಳ್ಳಕ್ಕಿ..." ಎಂದು ಕಲ್ಲೇಶಪ್ಪ ತೊದಲಿದರು.

"ನೋಡಿ, ಈಗಲೂ ವ್ಯಂಗ್ಯ ಬಿಡುತ್ತಿಲ್ಲ!" ಚಪ್ಪಾಳೆ ಕಿವಿಗಡಚಿಕ್ಕಿತು.

ಚನ್ನಗಿರಿ ಬಸ್ಸಿನಲ್ಲಿ ಕಲ್ಲೇಶಪ್ಪನವರಿಗೆ ನಿಜಕ್ಕೂ ಅಳು ಬರುವಂತಾಗಿತ್ತು. ಕೊನೆಗೆ ಕೊರಳಿನ ಕ್ಯಾಮರಾ ತೆಗೆದು ಹೆಂಡತಿಯ ಮಡಿಲಿಗಿಟ್ಟರು. "ತಗಾ, ಬೀರೂನಾಗೆ ಇಡು. ಪ್ರೈಜ್ ನಂದಲ್ಲ."

ಉಚ್ಚಂಗೆಮ್ಮನಿಗೆ ಗಂಡನ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಕ್ಯಾಮರಾವನ್ನು ಮತ್ತೆ ಅವರ ಕೊರಳಿಗೇ ಹಾಕಿದರು.

"ಇರ್ಲಿ ಇಟ್ಕಳ್ರಿ. ಮುಂದಿನ ಸಲ ಕಾಗೆ ಫೋಟೋನೇ ತೆಗೀರಿ. ಬೆಳ್ಳಗೆ ಮಾಡಾಕೆ ಮನೇನಾಗೆ ಸುಣ್ಣ ಐತೆ."