ಗಂಡಸರು ನಡೆಯಬೇಕಾದ ರೀತಿಯ ಕುರಿತು

ಮದ್ಯ ಪರವಾನಗಿ ಇಲಾಖೆ, ಸಾರ್ವಜನಿಕ ನೀತಿ ವಿಭಾಗ
ಪೋರ್ಟ್ ಕೆಂಡಲ್, ಅಟ್ಲಾಂಟಿಕ್ ತೀರ

ಸುತ್ತೋಲೆ ಸಂಖ್ಯೆ: ಮಪಇ/ನೀತಿ/ನಡಿಗೆ/4/1966
ದಿನಾಂಕ: 14 ಮಾರ್ಚ್ 1966

ವಿಷಯ: ಬಾರುಗಳಲ್ಲಿ 'ಅಸಭ್ಯ' ಎಂದರೇನೆಂದು ತಿಳಿದುಕೊಳ್ಳುವ ಬಗ್ಗೆ.

ಉಲ್ಲೇಖ: (1) ನಿಯಮ 4: "ಯಾವುದೇ ಬಾರು ಅಸಭ್ಯವಾಗಿರತಕ್ಕದ್ದಲ್ಲ." (2) ಶ್ರೀಮತಿ ಆಗ್ನೆಸ್ ದೊಂಬ್ರೋವ್ಸ್ಕಿ ಹೂಡಿರುವ ದಾವೆ. (3) ನ್ಯಾಯಾಲಯದಲ್ಲಿ ಕೇಳಿಬಂದ ನಗು.

ಪ್ರಸ್ತಾವನೆ:

ಹಡಗುಕಟ್ಟೆ ಬೀದಿಯ 'ಲ್ಯಾಂಟರ್ನ್' ಬಾರಿಗೆ ಮೇಲ್ನೋಟಕ್ಕೆ ಸಲಿಂಗಿಗಳಂತೆ ಕಾಣುವ ಗಂಡಸರು ಬರುತ್ತಿದ್ದು, ಅಲ್ಲಿ ಯಾವ ಗಲಾಟೆಯೂ ನಡೆಯದಿರುವುದು ಇಲಾಖೆಯ ಸಂಶಯಕ್ಕೆ ಕಾರಣವಾಗಿರುತ್ತದೆ. ಆದಕಾರಣ ನಿಯಮ 4ರ ಅಡಿ ಪರವಾನಗಿ ರದ್ದುಪಡಿಸಲಾಗಿತ್ತು. ಮಾಲಕಿ ಶ್ರೀಮತಿ ದೊಂಬ್ರೋವ್ಸ್ಕಿ ಸುಮ್ಮನಿರದೆ ನ್ಯಾಯಾಲಯಕ್ಕೆ ಹೋಗಿ, "ಗಂಡ ಸತ್ತ ಮೇಲೆ ನನ್ನ ಹೊಟ್ಟೆ ಹೊರೀತಿರೋದೇ ಈ ಬಾರು. ಈ ಹುಡುಗ್ರು ಕುಡೀತಾರೆ, ಹಾಡ್ತಾರೆ, ಮನೆಗೆ ಹೋಗ್ತಾರೆ. ಮುಂಚೆ ಬರ್ತಿದ್ದ ಗಂಡಸ್ರು ನನ್ನ ಕುರ್ಚಿ ಮುರೀತಿದ್ರು. ಆವಾಗ ಎಲ್ಲಿ ಹೋಗಿತ್ರಪ್ಪಾ ನಿಮ್ಮ ಸಭ್ಯತೆ?" ಎಂದು ಹೇಳಿಕೆ ನೀಡಿರುತ್ತಾರೆ.

'ಅಸಭ್ಯ' ಎಂದರೇನೆಂದು ನ್ಯಾಯಾಧೀಶರು ಕೇಳಲಾಗಿ, ಇನ್‌ಸ್ಪೆಕ್ಟರ್ ಶ್ರೀ ಡ್ವೈಟ್ ಹಚಿನ್ಸ್ ಅವರು "ಬಾಯಲ್ಲಿ ಹೇಳಕ್ಕಾಗಲ್ಲ ಸ್ವಾಮಿ, ಅವ್ರು ನಡೆಯೋದು ನೋಡಿದ್ರೆ ಗೊತ್ತಾಗುತ್ತೆ" ಎಂದಿರುತ್ತಾರೆ. ನಡೆದು ತೋರಿಸುವಂತೆ ಆದೇಶವಾಯಿತು. ಶ್ರೀಯುತರು ಎಷ್ಟು ಸೊಗಸಾಗಿ ನಡೆದರೆಂದರೆ ಜನ ಚಪ್ಪಾಳೆ ತಟ್ಟಿ ಮತ್ತೊಮ್ಮೆ ಎಂದು ಕೂಗಿದರು. ಶ್ರೀಯುತರು ಮತ್ತೊಮ್ಮೆ ನಡೆದರು. ಇದರಿಂದ ಇಲಾಖೆಗೆ ತೀವ್ರ ನೋವಾಗಿದೆ.

ಅಸಭ್ಯತೆಯ ಅರ್ಥವನ್ನು ಬರೆದುಕೊಡುವ ತನಕ ಸದರಿ ಬಾರನ್ನು ಮುಚ್ಚುವಂತಿಲ್ಲ ಎಂದು ನ್ಯಾಯಾಲಯ ಆದೇಶಿಸಿರುವುದರಿಂದ, ಅವಸರದಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಗಂಡಸರು ಬಾರಿನಲ್ಲಿ ಮದ್ಯ ಕೊಡುವ ಕಟ್ಟೆಗೆ ಮುಖ ಮಾಡಿ ಕುಡಿಯತಕ್ಕದ್ದು. ಪರಸ್ಪರ ನೋಡತಕ್ಕದ್ದಲ್ಲ.

1(ಅ). ಕಟ್ಟೆಯ ಹಿಂದಿನ ಕನ್ನಡಿಯಲ್ಲಿ ಪರಸ್ಪರ ನೋಡುತ್ತಿರುವುದು ಗಮನಕ್ಕೆ ಬಂದಿದ್ದು, ಕನ್ನಡಿಗೆ ಬಟ್ಟೆ ಹೊದಿಸತಕ್ಕದ್ದು.

2. ಬೇಸ್‌ಬಾಲ್ ತಂಡ ಗೆದ್ದಾಗ ಗಂಡಸರು ತಬ್ಬಿಕೊಂಡು ಅಳಬಹುದು, ಮುತ್ತನ್ನೂ ಕೊಡಬಹುದು. ಸೋತಾಗ ಹೆಗಲ ಮೇಲೆ ಕೈಯಿಡಬಹುದು. ಪಂದ್ಯವಿಲ್ಲದ ದಿನ ಕೈಗಳು ತಂತಮ್ಮ ಜೇಬಿನಲ್ಲಿರತಕ್ಕದ್ದು.

3. ನಗುವವರು ನಗುವಿನ ಕಾರಣವನ್ನು ಸ್ಥಳದಲ್ಲಿರುವ ಇನ್‌ಸ್ಪೆಕ್ಟರಿಗೆ ತಿಳಿಸತಕ್ಕದ್ದು. ಅವರಿಗೂ ನಗು ಬಂದಲ್ಲಿ ಮಾತ್ರ ಅದನ್ನು ಸಭ್ಯವೆಂದು ಪರಿಗಣಿಸಲಾಗುವುದು.

4. ಗಂಡಸಿನ ಸರಿಯಾದ ನಡಿಗೆಗೆ ಇಲಾಖೆಯ ಮಾನ್ಯ ನಿರ್ದೇಶಕರ ನಡಿಗೆಯನ್ನು ಮಾದರಿಯಾಗಿ ಅಂಗೀಕರಿಸಲಾಗಿದೆ. ಅವರಿಗೆ ಮೊಣಕಾಲು ನೋವಿರುವುದರಿಂದ ಇನ್ನು ಮುಂದೆ ಸಭ್ಯ ಗಂಡಸರೆಲ್ಲರೂ ಎಡಗಾಲು ಎಳೆಯತಕ್ಕದ್ದು.

5. ಸಾಕ್ಷಿಗೆ ಹೋಗುವ ಇನ್‌ಸ್ಪೆಕ್ಟರುಗಳು ಅಸಭ್ಯ ನಡಿಗೆಯನ್ನು ಕಡ್ಡಾಯವಾಗಿ ಕೆಟ್ಟದಾಗಿ ನಡೆದು ತೋರಿಸತಕ್ಕದ್ದು.

6. ಲ್ಯಾಂಟರ್ನ್ ಬಾರಿನಲ್ಲಿ ಪಂದ್ಯವಿಲ್ಲದ ದಿನ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ನಕ್ಕು ಬಂಧಿತರಾದ ಸಂಗೀತ ಶಿಕ್ಷಕ ಶ್ರೀ ವರ್ನನ್ ಟಲ್ಲಿಯವರ ಹೆಸರನ್ನು ಪತ್ರಿಕೆಗೆ ನೀಡಲಾಗಿತ್ತು. ಶಾಲೆಯು ಮರುದಿನವೇ ಅವರನ್ನು ಕೆಲಸದಿಂದ ತೆಗೆದಿರುತ್ತದೆ. ಶ್ರೀಯುತರು ಕಚೇರಿಗೆ ಬಂದು, "ನಾನು ಮಾಡಿದ ತಪ್ಪೇನು ಅಂತ ಒಂದು ಸಾಲು ಬರೆದುಕೊಡಿ ಸಾರ್. ಅಮ್ಮ ದಿನಾ ಕೇಳ್ತಾಳೆ, ಏನು ಹೇಳ್ಲಿ?" ಎಂದು ಕೋರಿರುತ್ತಾರೆ. ತಪ್ಪಿನ ಅರ್ಥ ಇನ್ನೂ ಪರಿಶೀಲನೆಯಲ್ಲಿರುತ್ತದೆ. ಶಿಕ್ಷೆ ಎಂದಿನಂತೆ ಜಾರಿಯಲ್ಲಿರುತ್ತದೆ.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರು ಹಜಾರದಲ್ಲಿ ನಡೆದು ತೋರಿಸುತ್ತಿರುವುದರಿಂದ)

ಪ್ರತಿಗಳು:

ಮಾನ್ಯ ನ್ಯಾಯಾಧೀಶರಿಗೆ: ನಗದೆ ಓದಬೇಕೆಂಬ ಕೋರಿಕೆಯೊಂದಿಗೆ.

ಶ್ರೀಮತಿ ದೊಂಬ್ರೋವ್ಸ್ಕಿ ಅವರಿಗೆ: ಕನ್ನಡಿಗೆ ಹೊದಿಸುವ ಬಟ್ಟೆಯ ಮೇಲೆ ಅಂಟಿಸಲು. ಬಟ್ಟೆಯನ್ನು ಅವರೇ ತರತಕ್ಕದ್ದು.

ಇನ್‌ಸ್ಪೆಕ್ಟರ್ ಹಚಿನ್ಸ್ ಅವರಿಗೆ: ರಜೆಯಲ್ಲಿರುವುದರಿಂದ ಲ್ಯಾಂಟರ್ನ್ ಬಾರಿನ ವಿಳಾಸಕ್ಕೆ.

ಶ್ರೀ ಟಲ್ಲಿಯವರ ತಾಯಿಗೆ: ಮಾಹಿತಿಗಾಗಿ. 'ಮಗನ ತಪ್ಪು' ಎಂಬುದರ ಎದುರಿನ ಜಾಗವನ್ನು ಖಾಲಿ ಬಿಡಲಾಗಿದೆ.