ಮೂವತ್ತಾರು ಸಲ ಪರೀಕ್ಷಿಸಿದ ಕ್ಯಾಮೆರಾ

"ಹಳೇ ಕ್ಯಾಮೆರಾ ಕೊಳ್ಳೋದು ಹೇಗೆ ಅಂತ ಊರಿಗೇ ತೋರಿಸ್ತೀನಿ! ನನ್ನ ಕಣ್ಣಿಗೆ ಮಣ್ಣೆರಚೋನು ಇನ್ನೂ ಹುಟ್ಟಿಲ್ಲ!"

ಹೀಗೆ ಘೋಷಿಸಿ ಪತ್ತೇದಾರ ಮನೆಯಿಂದ ಹೊರಟ. ಪತ್ತೇದಾರ ಎಂಬುದು ಹೆಂಡತಿ ಇಟ್ಟ ಹೆಸರು. ವಿಮಾ ಕಚೇರಿಯಲ್ಲಿ ಜಖಂಗೊಂಡ ವಾಹನಗಳನ್ನು ತಪಾಸಣೆ ಮಾಡುವ ಈ ಮಹಾನುಭಾವ ಮನೆಗೆ ಬಕೆಟ್ ತಂದರೂ ತಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡಿಯೇ ತರುತ್ತಿದ್ದ.

ಹೆಂಡತಿಯ ಹೊಲಿಗೆ ಅಂಗಡಿಯಿದ್ದ ಕಟ್ಟಡವನ್ನು ಸೋಮವಾರ ಕೆಡವುವವರಿದ್ದರು. ಇಪ್ಪತ್ತೆರಡು ವರ್ಷ ಕೂತು ಹೊಲಿದ ಜಾಗ. ಅದರ ನಾಲ್ಕು ಫೋಟೊ ಉಳಿಯಲಿ ಎಂಬುದಷ್ಟೇ ಪಾಪ ಅವಳ ಆಸೆ.

"ಫೋನಲ್ಲೇ ತೆಗ್ದುಬಿಡ್ತೀನಿ, ಬಿಡ್ರೀ," ಎಂದು ಅವಳು ಮೊದಲೇ ಹೇಳಿದ್ದಳು.

"ಫೋನಾ? ಥೂ! ಅದೂ ಒಂದು ಫೋಟೊನಾ? ಅದನ್ನ ಬ್ಯಾಗಿನಿಂದ ತೆಗೀಲೇಕೂಡದು. ರೀಲ್ ಕ್ಯಾಮೆರಾ ತರ್ತೀನಿ, ನಿನ್ನ ಅಂಗಡಿ ಅರಮನೆ ಥರ ಕಾಣುತ್ತೆ!"

ಹಳೇ ಕ್ಯಾಮೆರಾ ಅಂಗಡಿಯೊಳಗೆ ಹಗಲಲ್ಲೂ ಮಬ್ಬುಗತ್ತಲೆ. ಗೋಡೆ ತುಂಬ ಲೆನ್ಸುಗಳು. ಎತ್ತ ತಿರುಗಿದರೂ ಯಾರೋ ದಿಟ್ಟಿಸುತ್ತಿದ್ದಾರೆ ಎನಿಸಿ ಅವನ ಬೆನ್ನು ಜುಮ್ಮೆಂದಿತು. ಅಂಗಡಿಯ ಮುದುಕ ಸದ್ದಿಲ್ಲದೆ ಒಂದು ಕ್ಯಾಮೆರಾ ತಂದಿಟ್ಟ.

"ಒಳಗೆ ರೀಲಿದೆ ಸ್ವಾಮಿ, ಪುಕ್ಕಟೆ. ಆದ್ರೆ ನೋಡಿ, ಅದನ್ನ..."

"ಗೊತ್ತು, ಗೊತ್ತು! ನನಗೆ ಕಲಿಸೋಕೆ ಬರ್ಬೇಡಿ!"

ಮುದುಕ ಒಳಕೋಣೆಗೆ ಹೋದ. ಪತ್ತೇದಾರ ಕ್ಯಾಮೆರಾವನ್ನು ಕಿವಿಯ ಬಳಿ ಅಲ್ಲಾಡಿಸಿದ. ಲೆನ್ಸಿಗೆ ಬೂಷ್ಟು ಹಿಡಿದಿದೆಯೇ ಎಂದು ಜೇಬಿನ ಟಾರ್ಚ್ ಹಾಕಿ ಇಣುಕಿದ. ಕೊನೆಗೆ ತನ್ನದೇ ಮಹಾ ಸಂಶೋಧನೆಯಾದ ಶಟರ್ ಪರೀಕ್ಷೆಯನ್ನು ಮೂವತ್ತಾರು ಸಲ ಮಾಡಿದ. ರೀಲು ಮುಂದಕ್ಕೆಳೆಯುವ ಸನ್ನೆ ಬಿಗಿಯಾಯಿತು. ರೀಲು ಹಿಂದಕ್ಕೆ ಸುತ್ತುವ ಗುಂಡಿಯನ್ನೂ ಕಿರ್‍ರೆಂದು ತಿರುಗಿಸಿ ನೋಡಿದ. ಎಲ್ಲದರಲ್ಲೂ ಕ್ಯಾಮೆರಾ ಪಾಸು! ಮನೆಗೆ ಬಂದು ಹಿಂಬಾಗಿಲು ತೆಗೆದರೆ ರೀಲಿನ ತುದಿ ನಾಲಿಗೆಯಂತೆ ಡಬ್ಬಿಯ ಹೊರಗೇ ಇತ್ತು. ಹೊಸದೇ ಎಂದು ಹಿಗ್ಗಿ ಮತ್ತೆ ಸಿಕ್ಕಿಸಿದ.

ಭಾನುವಾರ ಮಧ್ಯಾಹ್ನ ಅಂಗಡಿ ಖಾಲಿ. ಯಂತ್ರಗಳು ಹೋಗಿದ್ದವು. ಮೂಲೆಯಲ್ಲಿ ಬಟ್ಟೆ ತೊಡಿಸುವ ತಲೆಯಿಲ್ಲದ ನಾಲ್ಕು ಗೊಂಬೆಗಳು ಮಾತ್ರ. ಕ್ಯಾಮೆರಾಕ್ಕೆ ಕಣ್ಣಿಟ್ಟಾಗಲೆಲ್ಲ ಅವು ಒಂದು ಹೆಜ್ಜೆ ಮುಂದೆ ಬಂದಂತೆ ಅವನಿಗೆ ಕಂಡಿತು.

"ಯಾಕ್ರೀ ಇಷ್ಟು ಬೆವರ್ತಿದೀರಾ?"

"ಕಲೆ ಕಣೇ, ಕಲೆ! ಸುಮ್ನಿರು!"

ಸೋಮವಾರ ಕಟ್ಟಡ ನೆಲಕ್ಕುರುಳಿತು. ಬುಧವಾರ ಫೋಟೊ ತೊಳೆಯುವವನು ತಲೆಯೆತ್ತದೆ ಲಕೋಟೆ ಚಾಚಿದ.

"ಅಂಗಡೀಲಿ ಯಾರೂ ಇರ್ಲಿಲ್ವಾ ಸಾರ್?"

"ಒಂದು ನರಪಿಳ್ಳೆಯೂ ಇರ್ಲಿಲ್ಲ."

"ಹಾಗಾದ್ರೆ ನೀವೇ ನೋಡ್ಕೊಳ್ಳಿ. ಇಲ್ಲಿ ಬೇಡ, ಹೊರಗೆ."

ಮೊದಲ ಫೋಟೊದಲ್ಲೇ ಅವನ ಎದೆ ಧಸಕ್ಕೆಂದಿತು. ಗೊಂಬೆಗಳ ಹಿಂದಿನ ಕತ್ತಲಲ್ಲಿ ಗೋಡೆಯಗಲದ ಒಂದು ಮುಖ! ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಎವೆಯಿಕ್ಕದೆ ಇವನನ್ನೇ ನೋಡುತ್ತಿತ್ತು. ಬಾಯಿರಬೇಕಾದಲ್ಲಿ ಬಾಯಿಲ್ಲ, ಉರಿಯುವ ಬಿಳಿ ಬೆಳಕು. ಎರಡನೆಯದರಲ್ಲೂ ಅದೇ. ಮೂವತ್ತಾರರಲ್ಲೂ ಅದೇ! ಹೆಂಡತಿ ಕೂರುತ್ತಿದ್ದ ಕುರ್ಚಿಯ ಮೇಲೂ ಅದು ಬಾಗಿ ನಿಂತಿತ್ತು.

ಎದ್ದೆನೋ ಬಿದ್ದೆನೋ ಎಂದು ಮುದುಕನ ಅಂಗಡಿಗೆ ಓಡಿದ.

"ಯಾರ ದೆವ್ವಾನ ನನಗೆ ಮಾರಿದ್ದೀರಿ? ಯಾರು ಸತ್ತಿದ್ದು? ಹೇಳ್ರೀ!"

ಮುದುಕ ಭೂತಗನ್ನಡಿ ಹಿಡಿದು ಫೋಟೊ ನೋಡಿದ. ಇವನನ್ನು ನೋಡಿದ. ಮತ್ತೆ ಫೋಟೊ ನೋಡಿದ.

"ಸ್ವಾಮಿ, ಸ್ವಲ್ಪ ಎಡಗಣ್ಣು ಮುಚ್ಚಿ. ಹಾಂ. ಈಗ ಈ ಟಾರ್ಚನ್ನ ಬಾಯಲ್ಲಿ ಕಚ್ಕೊಳ್ಳಿ."

ಆಮೇಲೆ ಕನ್ನಡಿ ಹಿಡಿದ. ಕನ್ನಡಿಯೊಳಗೆ ಅದೇ ದೆವ್ವ!

"ಒಳಗಿಂದ ನೋಡ್ತಾನೇ ಇದ್ದೆ ನಾನು. ಕ್ಯಾಮೆರಾನ ನಿಮ್ಮ ಮುಖಕ್ಕೇ ತಿರುಗಿಸ್ಕೊಂಡು, ಟಾರ್ಚ್ ಕಚ್ಕೊಂಡು, ಮೂವತ್ತಾರು ಸಲ ಒತ್ತಿದ್ರಿ. ಆಮೇಲೆ ಅದೇ ರೀಲನ್ನ ಹಿಂದಕ್ಕೆ ಸುತ್ತಿ, ಆ ಮುಖದ ಮೇಲೇ ಅಂಗಡಿ ಫೋಟೊನೂ ತೆಗ್ದಿದ್ದೀರಿ."

"ಹೇಳ್ಬಾರದಿತ್ತೇನ್ರೀ?"

"ಕಲಿಸೋಕೆ ಬರ್ಬೇಡಿ ಅಂದ್ರಲ್ಲ?"

ಅವನು ಮನೆಗೆ ಬಂದು ಲಕೋಟೆಯನ್ನು ಹೆಂಡತಿಯ ಮುಂದಿಟ್ಟ. ಅಂಗಡಿ ಇನ್ನು ಎಲ್ಲೂ ಇಲ್ಲ, ಉಳಿದದ್ದು ಇಷ್ಟೇ.

"ಎಲ್ಲಾ ಹಾಳು ಮಾಡ್ಬಿಟ್ಟೆ ಕಣೇ. ತಪ್ಪಾಯ್ತು."

ಅವಳು ಒಂದೊಂದನ್ನೇ ನಿಧಾನವಾಗಿ ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಯಾಕೋ ನಕ್ಕಳು.

"ಇರ್ಲಿ ಬಿಡಿ. ಇಪ್ಪತ್ತೆರಡು ವರ್ಷ ಹೊರಗೇ ಸ್ಕೂಟರ್ ಮೇಲೆ ಕೂತು ಹಾರ್ನ್ ಹೊಡೆದ್ರಿ. ಒಂದಿನ ಒಳಗೆ ಬಂದು ಇವಳೇನು ಮಾಡ್ತಾಳೆ ಅಂತ ನೋಡಿದವರಲ್ಲ. ಈಗ ಫೋಟೊದಲ್ಲಾದ್ರೂ ನೋಡ್ತಿದೀರಲ್ಲ... ಅದೂ ಒಂದೇ ಕಣ್ಣಲ್ಲಿ!"