ಬೇಡ ಅಂದ್ರೂ ಬೇಕು ಅಂದ ಪೇಜು

"ಇದನ್ನ ಯಾರ್ ಹತ್ರಾನೂ ಬಾಯ್ಬಿಡ್ಬೇಡ" ಅಂದಿದ್ದಾಳೆ ಅಮ್ಮ. ಆದ್ರೆ ನಾನು ಏನ್ ಮಾಡಕ್ ಹೋದ್ರೂ ಹಿಂಗೇ ಆಗುತ್ತೆ. ಯಾರಿಗಾದ್ರೂ ಹೇಳ್ದೇ ಇದ್ರೆ ನಿದ್ದೆ ಬರಲ್ಲ.

ಕಾಫಿ

ಮನೆಗೆ ಬಂದವ್ರನ್ನ "ಕಾಫಿ ಬೇಕಾ" ಅಂತ ಕೇಳಕ್ಕೂ ನಂಗೆ ನಾಚಿಕೆ. ಅದಕ್ಕೆ ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿಂಗ್ ಪುಸ್ತಕ ಓದ್ಕೊಂಡು ಒಂದು ವೆಬ್ ಪೇಜ್ ಮಾಡ್ದೆ. ಮೇಲೆ ಪ್ರಶ್ನೆ, ಕೆಳಗೆ ಎರಡು ಬಟನ್: ಬೇಕು, ಬೇಡ. ಉತ್ತರ ಅಮ್ಮನ ಫೋನಿಗೆ ಹೋಗುತ್ತೆ.

ಕುಮಾರಸ್ವಾಮಿ ಲೇಔಟಿಂದ ಮಾವ ಬಂದ್ರು. "ಬೇಡ" ಒತ್ತಿದ್ರು. ಕಾಫಿ ಬಂತು. ಗಟಗಟ ಕುಡ್ದು, "ಸಖತ್ ಪೇಜ್ ಕಣೇ! ದಾಕ್ಷಿಣ್ಯಕ್ಕೆ ಬೇಡ ಅಂದೆ, ಅದಕ್ಕೆ ಗೊತ್ತಾಗೋಯ್ತು!" ಅಂದ್ರು.

ಹೋಳಿಗೆ

ಮೇಲ್ಮನೆ ಓನರ್ ಆಂಟಿ "ಇನ್ನೊಂದು ಹೋಳಿಗೆ?"ಗೆ ಬೇಡ ಒತ್ತಿದ್ರು. ಹೋಳಿಗೆ ಬಂತು. "ಅಯ್ಯೋ, ಯಾಕಮ್ಮಾ" ಅಂತ ತಟ್ಟೆ ಮುಂದೆ ತಳ್ಳಿ, ತುಪ್ಪಾನೂ ಕೇಳಿದ್ರು.

ಎಲ್ಲೋ ತಪ್ಪಿದೆ ಅಂತ ನಂಗೆ ಅನ್ನಿಸ್ತು. ಆದ್ರೆ ಎಲ್ರೂ ಹೊಗಳ್ತಾ ಇದ್ರಲ್ಲ, ಸುಮ್ನಿದ್ದೆ. ಬೇಡ ಅಂದು ನಿಜವಾಗ್ಲೂ ಬೇಡದೇ ಇರೋರು ನಮ್ಮನೆಗೆ ಇನ್ನೂ ಬಂದೇ ಇರ್ಲಿಲ್ಲ.

ಅಕ್ಕ

ಹೋದ ಭಾನುವಾರ ಅಕ್ಕನ್ನ ನೋಡ್ಕೊಂಡ್ ಹೋಗಕ್ಕೆ ಜೆ.ಪಿ. ನಗರದಿಂದ ಗಂಡಿನ ಕಡೆಯವ್ರು ಬಂದಿದ್ರು. ಅವ್ರು ಹೋದ್ಮೇಲೆ ಅಪ್ಪ, "ಎದುರಿಗೆ ಹೇಳಕ್ ಸಂಕೋಚ ಆದ್ರೆ ಪೇಜಲ್ಲಿ ಒತ್ತಮ್ಮ" ಅಂದ್ರು. ನಾನು ಉತ್ತರ ಅಪ್ಪನ ಫೋನಿಗೆ ಹೋಗೋ ಹಂಗೆ ಮಾಡ್ಕೊಟ್ಟೆ. ಅಕ್ಕ ಒತ್ತಿದ್ಲು.

ಸಂಜೆ ಬಾಗಿಲು ತೆಗೆದ್ರೆ ಗಂಡಿನ ಕಡೆಯವ್ರು! ತಟ್ಟೆ ತುಂಬ ಹಣ್ಣು, ಹೂವು.

"ನಾನು ಬೇಡ ಅಂದಿದ್ನಲ್ಲಾ!" ಅಂದ್ಲು ಅಕ್ಕ.

ಅಪ್ಪ, "ಇದನ್ನ ನೋಡೇ ಅವ್ರಿಗೆ ಒಪ್ಪಿಗೆ ಅಂತ ಹೇಳಿದ್ದು" ಅಂತ ಫೋನ್ ತೋರಿಸಿದ್ರು. ಬೇಕು.

ಗಂಡಿನ ತಾಯಿ, "ಹುಡುಗೀರು ಮೊದ್ಲು ಹಂಗೇ ಅನ್ನೋದು" ಅಂತ ನಕ್ರು. ಅಕ್ಕ ರೂಮಿಗೆ ಹೋಗಿ ಧಡಾರಂತ ಬಾಗಿಲು ಹಾಕೊಂಡ್ಲು. ಅಪ್ಪ ಕೈಮುಗ್ದು ಅವ್ರನ್ನ ವಾಪಸ್ ಕಳಿಸಿದ್ರು. ಹಣ್ಣಿನ ತಟ್ಟೆ ಸಮೇತ.

ಆಮೇಲೆ ಪುಸ್ತಕ ತೆಗೆದೆ. ನನ್ ಪೇಜು "ಬೇಡ"ನ ಫಾಲ್ಸ್, ಅಂದ್ರೆ ಇಲ್ಲ, ಅನ್ನೋ ಪದವಾಗಿ ಬರ್ಕೊಂಡು, ಅದನ್ನ ಹೌದಾ ಇಲ್ವಾ ಅಂತ ಹೇಳೋ ಬೂಲಿಯನ್‌ಗೆ ಕೊಡ್ತಿತ್ತು. ಅದು ಪದದ ಅರ್ಥಾನೇ ನೋಡಲ್ವಂತೆ. ಅಕ್ಷರ ಇದ್ರೆ ಸಾಕು, ಹೌದು ಅನ್ನುತ್ತೆ. ಖಾಲಿ ಇದ್ರೆ ಮಾತ್ರ ಇಲ್ಲ.

ಸರಿ ಮಾಡ್ದೆ. ಬಾಯಲ್ಲಿ ಕೇಳಕ್ಕೆ ಧೈರ್ಯ ಬರ್ಲಿಲ್ಲ, ಅಕ್ಕನ ಫೋನಿಗೆ ಹೊಸ ಪ್ರಶ್ನೆ ಕಳಿಸ್ದೆ: "ಕ್ಷಮಿಸ್ತೀಯಾ?"

ಒಳಗೆ ಟಿಂಗ್ ಅಂತು. ಬಾಗಿಲು ತಟ್ಟಿದೆ. "ಅಕ್ಕಾ?" ಅಂದೆ. ಅವ್ಳು ಎರಡರಲ್ಲಿ ಯಾವ ಬಟನ್ನೂ ಒತ್ತಲಿಲ್ಲ. ಉತ್ತರ ಖಾಲಿ.

ನನ್ನ ಪೇಜು ಮೊದಲ ಸಲ ಸರಿಯಾಗಿ ತೋರಿಸ್ತು: ಇಲ್ಲ.